ದಂಡಿನ ಊರಿಗೆ ಬಂದ ಮೂರು ಕರೆಗಳು



ಜಯಮಹಲ್ ರಸ್ತೆಯಲ್ಲಿ ಜೆ.ಸಿ. ನಗರದ ಕಡೆಗೆ ಹೋಗುವಾಗ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಸೇರುವಲ್ಲಿ ಮದ್ರಾಸ್ ಪಯೋನಿಯರ್ಸ್ ಸೈನಿಕರ ಇನ್ನೊಂದು ಸ್ಮಾರಕವಿದೆ. ಎರಡೂ ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿನವು. ಸಿಗ್ನಲ್ ಬಿದ್ದಾಗ ನಿಂತವರಲ್ಲಿ ಆ ಕಡೆ ಕಣ್ಣು ಹಾಯಿಸುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಶಿವಾಜಿನಗರದ ಒಬ್ಬ ಹುಡುಗ ಕೇಳಿದ: "ಸರ್, ಇವರು ತುರ್ಕಿಯವರ ವಿರುದ್ಧ ಹೋರಾಡಿದರು ಅಂತೀರಿ. ಆಗ ತುರ್ಕಿಯ ಸುಲ್ತಾನರೇ ಖಲೀಫರಲ್ಲವೇ? ನಮ್ಮವರು ಹೇಗೆ ಹೋದರು?" ಹಿಂದಿನ ಸಾಲಿನಿಂದ ಇನ್ನೊಬ್ಬ, "ಹೋಗದೆ ಇರೋಕೆ ಬಿಡ್ತಿದ್ರಾ?" ಎಂದ. ಆ ದಿನ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಸ್ವಲ್ಪ ಓದಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಕಾಲದ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. 1914ರಲ್ಲಿ ಬೆಂಗಳೂರು ಎರಡಾಗಿತ್ತು. ಪೇಟೆಯ ಕಡೆಯದು ಮೈಸೂರು ಮಹಾರಾಜರ ಆಡಳಿತ. ಹಲಸೂರು, ಬ್ಲಾಕ್‌ಪಳ್ಳಿ ಎಂದು ಕರೆಯುತ್ತಿದ್ದ ಇಂದಿನ ಶಿವಾಜಿನಗರ, ಫ್ರೇಜರ್ ಟೌನ್ ಎಲ್ಲ ಸೇರಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಅಲ್ಲಿ ಬ್ರಿಟಿಷ್ ರೆಸಿಡೆಂಟರ ಮಾತೇ ಕಾನೂನು. ಜನ ಅದನ್ನು ದಂಡು ಎನ್ನುತ್ತಿದ್ದರು, ಲಷ್ಕರ್ ಎಂದೂ ಹೇಳುತ್ತಿದ್ದರು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಇಂದಿನ ಇಂದಿರಾನಗರ ಆಗ ಇರಲೇ ಇಲ್ಲ. ಹಲಸೂರು ದಾಟಿದರೆ ಬಿನ್ನಮಂಗಲ, ದೂಪನಹಳ್ಳಿಗಳ ಹೊಲ. ಇನ್ನೂ ಮುಂದಿನ ಕೃಷ್ಣರಾಜಪುರ ಮಹಾರಾಜರ ಸೀಮೆ. ಅಂದರೆ ಹಲಸೂರಿನವನು ಒಂದು ಸರ್ಕಾರದ ಪ್ರಜೆ, ಕೆ.ಆರ್. ಪುರದವನು ಇನ್ನೊಂದರ ಪ್ರಜೆ. ಯುದ್ಧ ಬೇಕೋ ಬೇಡವೋ ಎಂದು ಇಬ್ಬರನ್ನೂ ಯಾರೂ ಕೇಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ದಂಡಿನ ಬಜಾರು ಬದುಕಿದ್ದೇ ಸೈನ್ಯದಿಂದ. ಮಾಂಸ ಒದಗಿಸುವವರು, ದರ್ಜಿಗಳು, ಜೀನು ಹೊಲಿಯುವವರು, ರೊಟ್ಟಿ ಬೇಯಿಸುವವರು, ಬಂಡಿಯವರು, ಕುದುರೆ ನೋಡಿಕೊಳ್ಳುವವರು, ಇವರಲ್ಲಿ ಮುಸ್ಲಿಮರು ಬಹಳ. ಹಲಸೂರಿನ ಕೆರೆಯ ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯ ಕೇಂದ್ರ. ಸೈನ್ಯ ಎಂದರೆ ಇಲ್ಲಿನವರಿಗೆ ಪತ್ರಿಕೆಯಲ್ಲಿ ಓದುವ ಸುದ್ದಿಯಲ್ಲ, ಮನೆಯ ಅಡುಗೆ ಒಲೆ.

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾಯಿತು. ಬ್ರಿಟನ್ ಸೇರಿದ ಕ್ಷಣವೇ ಭಾರತವೂ ಸೇರಿದ ಹಾಗಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ಅದು ಪ್ರಜೆಗಳ ಕಂದಾಯದ ಹಣ. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ಆದರೆ ಇಂಥ ಕೊಡುಗೆಯನ್ನು ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಅದೇ ವರ್ಷಗಳಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಶಿಕ್ಷಣಕ್ಕೆ, ಕೈಗಾರಿಕೆಗೆ ಹಣ ಹೊಂದಿಸಲು ಶ್ರಮಿಸುತ್ತಿದ್ದರು ಎಂಬುದನ್ನು ನೆನೆದರೆ ಆ 50 ಲಕ್ಷದ ತೂಕ ತಿಳಿಯುತ್ತದೆ. ಮಹಾರಾಜರನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಸಾಮ್ರಾಜ್ಯದ ನೆರಳಿನಲ್ಲಿದ್ದ ದೇಶೀಯ ರಾಜರಿಗೆ ಬೇರೆ ದಾರಿ ಹೆಚ್ಚಿರಲಿಲ್ಲ. ಹೈದರಾಬಾದಿನ ನಿಜಾಮರು ಇದಕ್ಕಿಂತ ಹೆಚ್ಚು ಕೊಟ್ಟರು. ಸೆಪ್ಟೆಂಬರ್ 22ರಂದು ಜರ್ಮನ್ ಹಡಗು ಎಂಡೆನ್ ಮದರಾಸಿನ ಮೇಲೆ ಗುಂಡು ಹಾರಿಸಿತು. ಅಲ್ಲಿಯವರೆಗೆ ಎಲ್ಲೋ ದೂರದಲ್ಲಿದ್ದ ಯುದ್ಧ ಅಂದು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ಹತ್ತಿರ ಬಂದಿತು.

ನಿಜವಾದ ಇಕ್ಕಟ್ಟು ಬಂದದ್ದು ನವೆಂಬರಿನಲ್ಲಿ, ತುರ್ಕಿ ಜರ್ಮನಿಯ ಪಕ್ಷ ಸೇರಿದಾಗ. ಮಕ್ಕಾ ಮದೀನಗಳ ಸೇವಕರೆಂದು, ಖಲೀಫರೆಂದು ಉಸ್ಮಾನಿ ಸುಲ್ತಾನರನ್ನು ಭಾರತದ ಮುಸ್ಲಿಮರು ಗೌರವಿಸುತ್ತಿದ್ದರು. ಕೆಲವು ಮಸೀದಿಗಳಲ್ಲಿ ಜುಮಾ ಖುತ್ಬಾದಲ್ಲಿ ಅವರ ಹೆಸರು ಬರುತ್ತಿತ್ತು. ಕೇವಲ ಎರಡು ವರ್ಷ ಹಿಂದೆ, ಬಾಲ್ಕನ್ ಯುದ್ಧದ ಕಾಲದಲ್ಲಿ, ಗಾಯಗೊಂಡ ತುರ್ಕಿ ಸೈನಿಕರಿಗಾಗಿ ದೇಶದುದ್ದಕ್ಕೂ ಚಂದಾ ಎತ್ತಲಾಗಿತ್ತು, ಡಾ. ಎಂ.ಎ. ಅನ್ಸಾರಿಯವರು ವೈದ್ಯಕೀಯ ತಂಡವನ್ನೇ ಕರೆದುಕೊಂಡು ಹೋಗಿದ್ದರು. ಈಗ ಅದೇ ತುರ್ಕಿಯ ವಿರುದ್ಧ ನಡೆಯುವ ಯುದ್ಧಕ್ಕೆ ಅದೇ ಜೇಬಿನಿಂದ ಚಂದಾ ಕೇಳಲಾಯಿತು.

ಬ್ರಿಟಿಷರಿಗೆ ಈ ಸಂಕಟ ಗೊತ್ತಿತ್ತು. ಅದಕ್ಕೇ ಅರೇಬಿಯಾದ ಪವಿತ್ರ ಸ್ಥಳಗಳಿಗೂ ಮೆಸಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ದರ್ಗಾಗಳಿಗೂ ಜಿದ್ದಾ ಬಂದರಿಗೂ ಧಕ್ಕೆ ತರುವುದಿಲ್ಲವೆಂದು ನವೆಂಬರ್ ಆರಂಭದಲ್ಲೇ ಘೋಷಿಸಿದರು. ಇದು ಧರ್ಮದ ಯುದ್ಧವಲ್ಲ ಎಂದರು. ಬ್ರಿಟಿಷರಿಗೆ ನಿಷ್ಠರಾಗಿರಿ ಎಂದು ನಿಜಾಮರು ಮುಸ್ಲಿಮರಿಗೆ ಹೇಳಿಕೆ ಹೊರಡಿಸಿದರು. ಇದು ಮೊದಲನೆಯ ಕರೆ: ಸಾಮ್ರಾಜ್ಯಕ್ಕಾಗಿ ಮಗನನ್ನು ಕೊಡಿ, ಹಣ ಕೊಡಿ, ಅನುಮಾನ ಇಟ್ಟುಕೊಳ್ಳಬೇಡಿ.

ಎರಡನೆಯದು ಇಸ್ತಾಂಬುಲಿನಿಂದ ಬಂತು. 1914ರ ನವೆಂಬರ್ 14ರಂದು ಅಲ್ಲಿ ಜಿಹಾದಿನ ಫತ್ವಾ ಓದಲಾಯಿತು. ಬ್ರಿಟನ್, ಫ್ರಾನ್ಸ್, ರಷ್ಯಾಗಳ ಆಳ್ವಿಕೆಯಲ್ಲಿದ್ದ ಮುಸ್ಲಿಮರೂ ಎದ್ದು ನಿಲ್ಲಬೇಕೆಂಬುದು ಅದರ ಸಾರ. ಇಲ್ಲಿ ಒಂದು ಮಾತು. ತುರ್ಕಿಯನ್ನು ಯುದ್ಧಕ್ಕೆ ಎಳೆದವರು ಅನ್ವರ್ ಪಾಶಾ ಮೊದಲಾದ ಕೈಬೆರಳೆಣಿಕೆಯ ಮಂದಿ. ಅನತೋಲಿಯಾದ ರೈತನನ್ನೂ ಯಾರೂ ಕೇಳಿರಲಿಲ್ಲ. ಜರ್ಮನ್ ಚಕ್ರವರ್ತಿಯ ಪಕ್ಕದಲ್ಲಿ ನಿಂತು ಇದನ್ನು ದೀನಿನ ಯುದ್ಧ ಎಂದು ಕರೆದದ್ದು ನನಗಂತೂ ಒಪ್ಪಿಗೆಯಾಗುವ ಮಾತಲ್ಲ. ಆದರೆ ಅಂದು ಕೇಳಿದವರ ಎದೆಯಲ್ಲಿ ಅದು ಏನು ಎಬ್ಬಿಸಿರಬಹುದು ಎಂಬುದನ್ನು ಇಂದು ಕುಳಿತು ಹಗುರವಾಗಿ ನೋಡಲೂ ಆಗದು. 1915ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿದ್ದ 5ನೇ ಲೈಟ್ ಇನ್ಫೆಂಟ್ರಿಯ ಮುಸ್ಲಿಂ ಸಿಪಾಯಿಗಳು, ತಮ್ಮನ್ನು ತುರ್ಕರ ಮೇಲೆ ಕಳಿಸುತ್ತಾರೆಂಬ ಗಾಳಿಸುದ್ದಿಯ ನಡುವೆ ದಂಗೆಯೆದ್ದರು. ನಲವತ್ತಕ್ಕೂ ಹೆಚ್ಚು ಜನರನ್ನು ಬಹಿರಂಗವಾಗಿ ಗುಂಡಿಟ್ಟು ಕೊಲ್ಲಲಾಯಿತು. ಅದೇ ವರ್ಷ ಮೌಲಾನಾ ಮುಹಮ್ಮದ್ ಅಲಿ, ಶೌಕತ್ ಅಲಿ ಸೋದರರನ್ನು ಸರ್ಕಾರ ಬಂಧನದಲ್ಲಿಟ್ಟಿತು. ಅವರ ಬಿಡುಗಡೆಯಾದದ್ದು 1919ರ ಕೊನೆಯಲ್ಲಿ.

ಈಗ ನಮ್ಮ ಲ್ಯಾನ್ಸರ್ಸ್ ಕಡೆಗೆ ಬರೋಣ. ಮೈಸೂರಿನ ಸಿಲ್ಲೇದಾರ್ ಕುದುರೆ ದಳ ಹಳೆಯದು, ಅದರಲ್ಲಿ ಮುಸ್ಲಿಂ ಸವಾರರು ತಲೆಮಾರುಗಳಿಂದ ಇದ್ದರು. 1892ರಲ್ಲಿ ಸಾಮ್ರಾಜ್ಯ ಸೇವೆಗೆಂದು ರೂಪಿಸಿದ ಲ್ಯಾನ್ಸರ್ಸ್ ಪಡೆಯಲ್ಲಿ ಅರಸು, ಮರಾಠ, ಮುಸ್ಲಿಂ ಎಲ್ಲರೂ ಇದ್ದರು. 1914ರ ಕೊನೆಯಲ್ಲಿ ಈ ಪಡೆ ಈಜಿಪ್ಟಿಗೆ ಹೋಯಿತು. ಹೈದರಾಬಾದ್, ಪಟಿಯಾಲಾದ ಲ್ಯಾನ್ಸರ್ಸ್ ಜೊತೆ ಒಂದೇ ಬ್ರಿಗೇಡಿನಲ್ಲಿ ಸೂಯೆಜ್ ಕಾಲುವೆ ಕಾಯಿತು, ಆಮೇಲೆ ಪ್ಯಾಲೆಸ್ತೀನಿಗೆ ಸಾಗಿತು. ಹಲಸೂರಿನ ಸ್ಯಾಪರ್ಸ್ ಪಡೆಯ ಕಂಪನಿಗಳು ಮೆಸಪೊಟೇಮಿಯಾಕ್ಕೆ ಹೋದವು. 1917ರ ಮಾರ್ಚ್‌ನಲ್ಲಿ ಬಾಗ್ದಾದ್, ಡಿಸೆಂಬರಿನಲ್ಲಿ ಬೈತುಲ್ ಮುಕದ್ದಸ್ ಇರುವ ಜೆರುಸಲೇಮ್ ಬ್ರಿಟಿಷರ ಕೈಸೇರಿದವು. ಆ ಸುದ್ದಿಗೆ ವಿಜಯೋತ್ಸವ ಮಾಡಬೇಕೋ ಮೌನವಾಗಿರಬೇಕೋ ಎಂಬ ಕಷ್ಟ ಇಲ್ಲಿನ ಎಷ್ಟು ಮನೆಗಳಲ್ಲಿತ್ತೋ, ಊಹಿಸಿಕೊಳ್ಳಿ.

ಹುಡುಗ ಕೇಳಿದ "ಹೇಗೆ ಹೋದರು" ಎಂಬುದಕ್ಕೆ ನನ್ನ ಉತ್ತರ ಇಷ್ಟು. ಸವಾರನಿಗೆ ಇದ್ದದ್ದು ತಂದೆಯಿಂದ ಬಂದ ನೌಕರಿ, ತಿಂದ ಉಪ್ಪಿನ ಮಾತು, ಪಕ್ಕದ ಕುದುರೆಯ ಮೇಲಿದ್ದ ಗೆಳೆಯ, ಊರಿನಲ್ಲಿ ಸಂಬಳಕ್ಕಾಗಿ ಕಾಯುತ್ತಿದ್ದ ತಾಯಿ. ಹೊರಗೆ ಕಾದಿದ್ದದ್ದು ಕೋರ್ಟ್ ಮಾರ್ಷಲ್. ಅವನನ್ನು ದ್ರೋಹಿ ಎನ್ನುವುದು ತಪ್ಪು. ಅವನು ಸಾಮ್ರಾಜ್ಯದ ಮೇಲಿನ ಪ್ರೀತಿಯಿಂದ ಸತ್ತ ಎಂದು ಕಲ್ಲಿನಲ್ಲಿ ಕೆತ್ತಿಸುವುದೂ ಅಷ್ಟೇ ತಪ್ಪು.

ಊರಿನಲ್ಲಿ ಉಳಿದವರ ತ್ಯಾಗ ಬೇರೆ ರೀತಿಯದು. 1917ರಲ್ಲಿ ಭಾರತ ಸರ್ಕಾರ ಬ್ರಿಟನ್ನಿಗೆ 10 ಕೋಟಿ ಪೌಂಡು, ಅಂದರೆ ಆಗಿನ ಲೆಕ್ಕದಲ್ಲಿ 150 ಕೋಟಿ ರೂಪಾಯಿ, ಕಾಣಿಕೆ ಕೊಡಲು ಒಪ್ಪಿತು. "ಭಾರತದ ಕೊಡುಗೆ" ಎಂದು ಅದನ್ನು ಕರೆದರು. ಕೊಟ್ಟವನಿಗೇ ತಿಳಿಯದ ಕೊಡುಗೆ! ಅದನ್ನು ತುಂಬಿಸಲು ಯುದ್ಧ ಸಾಲಪತ್ರಗಳು ಬಂದವು, ಬಡವರಿಗಾಗಿ ಅಂಚೆ ಕಚೇರಿಯ ಕ್ಯಾಷ್ ಸರ್ಟಿಫಿಕೇಟುಗಳೂ ಬಂದವು. ಇದಕ್ಕೆಲ್ಲ ಬಡ್ಡಿ ಇತ್ತು. ಬಡ್ಡಿ ಹರಾಮ್ ಎಂದು ನಂಬಿ ನಡೆಯುವ ವ್ಯಾಪಾರಿಗೆ ಇದೂ ಒಂದು ಕುತ್ತು: ಕೊಳ್ಳದಿದ್ದರೆ ನಿಷ್ಠೆ ಕಡಿಮೆ ಎಂಬ ಮಾತು, ಕೊಂಡರೆ ಮನಸ್ಸಿಗೆ ಕಸಿವಿಸಿ.

ಬೆಳ್ಳಿಯ ಕೊರತೆಯಿಂದ 1917ರ ನವೆಂಬರ್ 30ರಂದು ಮೊದಲ ಬಾರಿಗೆ ಒಂದು ರೂಪಾಯಿಯ ಕಾಗದದ ನೋಟು ಬಂತು. ಅದರ ಬೆನ್ನಿಗೇ, 1918ರ ಜನವರಿಯಲ್ಲಿ, ಎರಡೂವರೆ ರೂಪಾಯಿಯ ನೋಟು. ಕೂಲಿಯವನು ಕೈಯಲ್ಲಿ ಝಣ್ ಎನ್ನುವ ಬೆಳ್ಳಿ ರೂಪಾಯಿಯ ಬದಲು ಕಾಗದ ಹಿಡಿದ. ಬಟ್ಟೆ, ಸೀಮೆಎಣ್ಣೆ, ಉಪ್ಪು, ಧಾನ್ಯ ಎಲ್ಲದರ ಬೆಲೆ ಏರಿತು. 1918ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ಅಕ್ಕಿ ಅಂಗಡಿಗಳ ಲೂಟಿ ನಡೆಯಿತು. ಅದರ ಹಿಂದೆಯೇ ಇನ್‌ಫ್ಲುಯೆಂಜಾ. ಯುದ್ಧದ ಹಡಗುಗಳ ಜೊತೆ ಬಂದ ಆ ಜ್ವರ ಬೆಂಗಳೂರನ್ನೂ ಬಿಡಲಿಲ್ಲ. ದೇಶದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಯುದ್ಧಭೂಮಿಯಲ್ಲಿ ಸತ್ತ ಭಾರತೀಯ ಸೈನಿಕರು ಎಪ್ಪತ್ತು ಸಾವಿರ ಮೀರಿದ್ದರು. ಎಪ್ಪತ್ತು ಸಾವಿರಕ್ಕೆ ಕಲ್ಲು ನೆಟ್ಟಿದ್ದಾರೆ. ಕೋಟಿಗೆ ಇಲ್ಲ.

ಅದೇ ಶರತ್ಕಾಲದಲ್ಲಿ ಲ್ಯಾನ್ಸರ್ಸ್ ಎರಡು ಬಾರಿ ಕುದುರೆ ಓಡಿಸಿದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರು ಪಟ್ಟಣದತ್ತ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಅಲ್ಲಿನ ಫಿರಂಗಿಗಳನ್ನು ಹಿಡಿದರು. ಈಟಿ, ಕತ್ತಿ ಹಿಡಿದ ಸವಾರರು ಮೆಷಿನ್‌ಗನ್ ಇದ್ದ ಊರನ್ನು ಗೆದ್ದರು. 1,350 ಕೈದಿಗಳು ಸಿಕ್ಕರು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಇದು ಈಗ ಎಲ್ಲರಿಗೂ ಗೊತ್ತಿರುವ ಕಥೆ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಮೈಸೂರು, ಜೋಧಪುರ, ಹೈದರಾಬಾದಿನ ಈ ಸವಾರರದೇ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು.

ಎರಡನೆಯ ಓಟದ ಕಥೆ ಹೇಳುವವರು ಕಡಿಮೆ. ಅಕ್ಟೋಬರ್ 26ರಂದು, ಅಲೆಪ್ಪೊ ಪಟ್ಟಣದ ಉತ್ತರಕ್ಕೆ ಹರಿತಾನ್ ಎಂಬ ಹಳ್ಳಿಯ ಬಳಿ, ಮೈಸೂರು ಮತ್ತು ಜೋಧಪುರದ ಸವಾರರು ತಮಗಿಂತ ಬಹಳ ದೊಡ್ಡ ತುರ್ಕಿ ಪಡೆಯ ಮೇಲೆ ಬಿದ್ದರು. ಹೈಫಾದಲ್ಲಾದಂತೆ ಇಲ್ಲಿ ಆಗಲಿಲ್ಲ. ಹಿಂದೆ ಸರಿಯಬೇಕಾಯಿತು, ಸಾವುನೋವು ಹೆಚ್ಚಾಯಿತು. ಎದುರಿದ್ದ ಪಡೆಯ ಸೇನಾಪತಿ ಮುಸ್ತಫಾ ಕೆಮಾಲ್. ನಾಲ್ಕೇ ದಿನಕ್ಕೆ, ಅಕ್ಟೋಬರ್ 30ಕ್ಕೆ, ತುರ್ಕಿಯೊಂದಿಗೆ ಕದನವಿರಾಮದ ಸಹಿಯಾಯಿತು. ನಾಲ್ಕು ದಿನ ತಡವಾಗಿ ಹೊರಟಿದ್ದರೆ ಆ ಸವಾರರು ಊರಿಗೆ ಬರುತ್ತಿದ್ದರು.

ಮೂರನೆಯ ಕರೆಯ ಮುಂಚೆ ಒಂದು ಸಣ್ಣ ಉಪಕಥೆ. 1918ರ ಬೇಸಿಗೆಯಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಒಬ್ಬರು ನಡೆದುಕೊಂಡು ಸೈನ್ಯಕ್ಕೆ ಜನ ಸೇರಿಸುತ್ತಿದ್ದರು. ಪ್ರತಿ ಹಳ್ಳಿಯಿಂದ 20 ಜನ ಬನ್ನಿ ಎಂದು ಕರಪತ್ರ ಹಂಚಿದರು. ಅವರು ಮಹಾತ್ಮ ಗಾಂಧಿ. ಸ್ವಲ್ಪ ದಿನ ಹಿಂದಷ್ಟೇ ಕಂದಾಯದ ಸತ್ಯಾಗ್ರಹದಲ್ಲಿ ಅವರಿಗೆ ಬಂಡಿಗಳನ್ನು ಬಿಟ್ಟಿಯಾಗಿ ಕೊಟ್ಟಿದ್ದ ರೈತರು, ಈಗ ಬಾಡಿಗೆಗೂ ಬಂಡಿ ಕೊಡಲಿಲ್ಲ. ಅಹಿಂಸೆ ಎನ್ನುವ ನೀವೇ ಬಂದೂಕು ಹಿಡಿಯಿರಿ ಎನ್ನುತ್ತೀರಲ್ಲ ಎಂದು ನೇರವಾಗಿ ಕೇಳಿದರು. ಈ ಸೋಲನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ದೊಡ್ಡವರು ಕರೆದರೂ ಜನ ತಲೆಯಾಡಿಸುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಅದೇ ಗಾಂಧೀಜಿ ಎರಡು ವರ್ಷದ ನಂತರ, 1920ರ ಆಗಸ್ಟ್‌ನಲ್ಲಿ, ಮೌಲಾನಾ ಶೌಕತ್ ಅಲಿಯವರೊಂದಿಗೆ ದಕ್ಷಿಣದ ಪ್ರವಾಸದಲ್ಲಿ ಮಂಗಳೂರಿಗೂ ಬೆಂಗಳೂರಿಗೂ ಬಂದರು. ಈ ನಡುವೆ ಏನಾಗಿತ್ತು? ತುರ್ಕರ ರಾಜಧಾನಿಯನ್ನಾಗಲಿ ತುರ್ಕರೇ ಹೆಚ್ಚಾಗಿರುವ ನೆಲವನ್ನಾಗಲಿ ಕಸಿಯುವುದು ನಮ್ಮ ಉದ್ದೇಶವಲ್ಲವೆಂದು ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ 1918ರ ಜನವರಿಯಲ್ಲಿ ಹೇಳಿದ್ದರು. 1920ರ ಆಗಸ್ಟ್ 10ರಂದು ಸೆವ್ರ್ ಒಪ್ಪಂದದಲ್ಲಿ ಆ ದೇಶವನ್ನು ಹರಿದು ಹಂಚಲಾಯಿತು. ಯುದ್ಧಕ್ಕೆ ಮಗನನ್ನು ಕಳಿಸಿದ ಮನೆಗಳು ಆ ಮಾತನ್ನು ನಂಬಿದ್ದವು. ರೌಲಟ್ ಕಾಯ್ದೆ, ಜಲಿಯನ್‌ವಾಲಾ ಬಾಗ್ ನಿಮಗೆ ಗೊತ್ತೇ ಇವೆ.

ಮೂರನೆಯ ಕರೆಯಲ್ಲಿ ಕೇಳಿದ್ದು ಮೊದಲಿನದಕ್ಕೆ ತದ್ವಿರುದ್ಧ: ಬಿರುದು ಹಿಂದಿರುಗಿಸಿ, ಸರ್ಕಾರಿ ಶಾಲೆ ಬಿಡಿ, ನ್ಯಾಯಾಲಯ ಬಿಡಿ. ಕೇಳುವ ಮುಂಚೆ ಗಾಂಧೀಜಿ ಆಗಸ್ಟ್ 1ರಂದು ತಮ್ಮ ಕೈಸರ್-ಎ-ಹಿಂದ್ ಪದಕವನ್ನು ವಾಪಸು ಮಾಡಿದ್ದರು. 1921ರ ಜುಲೈನಲ್ಲಿ ಕರಾಚಿಯ ಖಿಲಾಫತ್ ಸಮ್ಮೇಳನ ಇನ್ನೂ ಮುಂದೆ ಹೋಗಿ, ಬ್ರಿಟಿಷ್ ಸೈನ್ಯದಲ್ಲಿ ಇರುವುದೇ ಮುಸ್ಲಿಮನಿಗೆ ಹರಾಮ್ ಎಂದು ನಿರ್ಣಯಿಸಿತು. ಅದಕ್ಕಾಗಿ ಅಲಿ ಸೋದರರಿಗೆ ಎರಡು ವರ್ಷ ಜೈಲಾಯಿತು. ಅವರು ಬೆಲೆ ತೆತ್ತರು, ಅದನ್ನು ಒಪ್ಪಲೇಬೇಕು. ಆದರೆ ಆ ನಿರ್ಣಯವನ್ನು ನಮ್ಮ ದಂಡಿನ ಬಜಾರಿನಲ್ಲಿ ನಿಂತು ಓದಿ ನೋಡಿ. ಸ್ಯಾಪರ್ಸ್ ಪಡೆಯ ಜವಾನ, ಅವನ ಬೂಟು ಹೊಲಿಯುವವನು, ಅವನಿಗೆ ಮಾಂಸ ಕೊಡುವವನು, ಎಲ್ಲರ ಅನ್ನವೂ ಆ ಒಂದು ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಬಿರುದು ಬಿಡುವವನಿಗೆ ಹೋಗುವುದು ಬಿರುದು ಮಾತ್ರ.

ಎಲ್ಲಕ್ಕಿಂತ ನೋವಿನದು ಹಿಜ್ರತ್. 1920ರ ಬೇಸಿಗೆಯಲ್ಲಿ, ಈ ನೆಲ ಬಿಟ್ಟು ಅಫ್ಘಾನಿಸ್ತಾನಕ್ಕೆ ಹೋಗಿ ಎಂಬ ಮಾತಿಗೆ ಸಿಂಧ್, ಪಂಜಾಬ್, ಗಡಿ ಪ್ರಾಂತ್ಯದ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಹೊಲ ಮನೆ ಸಿಕ್ಕಿದ ಬೆಲೆಗೆ ಮಾರಿ ಹೊರಟರು. ಆಗಸ್ಟ್‌ನಲ್ಲಿ ಅಫ್ಘನ್ ಸರ್ಕಾರ ಬಾಗಿಲು ಮುಚ್ಚಿತು. ದಾರಿಯಲ್ಲಿ ಸತ್ತವರು ಸತ್ತರು, ಮರಳಿದವರಿಗೆ ಮನೆ ಇರಲಿಲ್ಲ. ಹಿಜ್ರತ್ ಸರಿ ಎಂದು ಹೇಳಿದ ದೊಡ್ಡ ಹೆಸರುಗಳಲ್ಲಿ ಬಹುತೇಕರು ತಾವು ಹೊರಡಲಿಲ್ಲ. ನಮ್ಮವರ ವಿಷಯವೆಂದು ಇದನ್ನು ಮರೆಮಾಚಿ, ಬ್ರಿಟಿಷರ ಲೆಕ್ಕವನ್ನು ಮಾತ್ರ ಕೇಳುವುದು ಇತಿಹಾಸವಾಗುವುದಿಲ್ಲ.

ಕೊನೆಗೆ 1924ರ ಮಾರ್ಚ್ 3ರಂದು ಖಿಲಾಫತ್ ರದ್ದಾಯಿತು. ರದ್ದು ಮಾಡಿದ್ದು ಬ್ರಿಟಿಷರಲ್ಲ, ಅಂಕಾರಾದ ತುರ್ಕಿ ಸಂಸತ್ತು. ಅದರ ಮುಂದಾಳು ಅದೇ ಮುಸ್ತಫಾ ಕೆಮಾಲ್, ಹರಿತಾನಿನಲ್ಲಿ ಮೈಸೂರು ಸವಾರರ ಎದುರಿದ್ದವರು. ಬದುಕಿ ಬಂದ ಒಬ್ಬ ಸವಾರ ಶಿವಾಜಿನಗರದ ಚಹಾ ಅಂಗಡಿಯಲ್ಲಿ ಕುಳಿತು ಈ ಸುದ್ದಿ ಕೇಳಿರಬಹುದು. ಏನೆಂದುಕೊಂಡನೋ.

ಮೈಸೂರು ಲ್ಯಾನ್ಸರ್ಸ್ ಪಡೆ 1953ರಲ್ಲಿ ಗ್ವಾಲಿಯರ್, ಜೋಧಪುರ ಮೊದಲಾದ ಕುದುರೆ ದಳಗಳ ಜೊತೆ ಸೇರಿ ಭಾರತೀಯ ಸೈನ್ಯದ 61ನೇ ಕ್ಯಾವಲ್ರಿಯಾಯಿತು. ಸೆಪ್ಟೆಂಬರ್ 23 ಹೈಫಾ ದಿನ. ಅಕ್ಟೋಬರ್ 26ನ್ನು ಹರಿತಾನ್ ದಿನವೆಂದು ಆಚರಿಸಿದ್ದನ್ನು ನಾನು ಕೇಳಿಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹಲಸೂರು, ಶಿವಾಜಿನಗರ, ಜೆ.ಸಿ. ನಗರ, ಕೆ.ಆರ್. ಪುರದ ಹಳೆಯ ಮನೆಗಳಲ್ಲಿ ದಾದಾಜಾನ್ ಅವರ ಪೆಟ್ಟಿಗೆ ಇದ್ದರೆ ತೆರೆದು ನೋಡಿ. ಪೆನ್ಷನ್ ಕಾಗದ, ಮಾಸಿದ ಫೋಟೋ, ಉರ್ದುವಿನಲ್ಲೋ ಕನ್ನಡದಲ್ಲೋ ಬರೆದ ಒಂದು ಕಾರ್ಡು ಸಿಗಬಹುದು. ಪದಕ ಸಿಕ್ಕರೆ ಬೆಳ್ಳಿಯ ಆಸೆಗೆ ಅಕ್ಕಸಾಲಿಗನ ಬಳಿ ಒಯ್ಯಬೇಡಿ. ಸೈನಿಕರಿಗೆ ಬೆಳ್ಳಿಯದು, ಕೂಲಿಗೆ ಹೋದವರಲ್ಲಿ ಅನೇಕರಿಗೆ ಕಂಚಿನದು ಕೊಟ್ಟಿದ್ದರು. ಒಂದು ಮುಖದಲ್ಲಿ ದೊರೆಯ ಚಿತ್ರವಿರುತ್ತದೆ, ಅದನ್ನು ಬಿಡಿ. ಪದಕವನ್ನು ಬೆಳಕಿಗೆ ಹಿಡಿದು ಅಂಚನ್ನು ಮೆಲ್ಲಗೆ ತಿರುಗಿಸಿ. ನಂಬರು, ಹೆಸರು, ಪಡೆಯ ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತವೆ. ಬರೆದುಕೊಂಡು ಸಂಘದ ಕಚೇರಿಗೆ ತಂದುಕೊಡಿ.